ವೇಬಿಲ್

ಮೂವತ್ತೊಂದು ವರ್ಷ ಜೇವರ್ಗಿ ಲೈನಿನ ಮ್ಯಾಲ
ತೊಗಲಿನ ಚೀಲ ಹೆಗಲಿಗೆ ಹಾಕ್ಕೊಂಡು ನಿಂತಾಂವ ನಾ.
ಖೊಟ್ಟಿ ನೋಟು ಕಣ್ಣಿಲೆ ನೋಡ್ತಿದ್ದಿಲ್ಲ,
ಹೆಬ್ಬೆರಳು ಹೇಳ್ತಿತ್ತು:
ಇದಕ್ಕ ಮೈ ಇಲ್ಲ, ಹೊಳ್ಳಿ ಕೊಡು.
ಫರಹತಾಬಾದ ದಾಟಿ, ಭೀಮಾ ಬ್ರಿಡ್ಜಿನ ಮ್ಯಾಲ
ಗಾಡಿ ಕುಣಿಯುವಾಗ, ಒಳಗಿನ ಲೈಟ್ ಹೋದ ಸಂಜಿಯಾಗ,
ತೊಗರಿ ಚೀಲ, ಕೋಳಿ, ಅಳೋ ಕೂಸಿನ ನಡುವೂ
ಒಂದು ಸಲ ತಿಕ್ಕಿದ್ರ ಸಾಕಿತ್ತು.

ಫೋನಿನ ಗಾಜಿಗೆ ಮೈ ಎಲ್ಲದ?

ಮೇ ತಿಂಗಳು. ಮಟಮಟ ಮಧ್ಯಾಹ್ನ.
ಚಂದ್ರಭಾಗಾಳ ಕಣ್ಣು ಆಪರೇಶನ್ ಆಗಿ ಎರಡು ದಿನ.
ಹಸರು ಪಟ್ಟಿ ಕಟ್ಕೊಂಡು ಕೂಲರಿನ ಮುಂದ ಮಲಗಿದ್ದಳು.
ಆಗ ಬಂತು ಮೆಸೇಜು:
‘ನಿಮ್ಮ ಮನೆಯ ವಿದ್ಯತ್ ಇಂದು ರಾತ್ರಿ 9.30ಕ್ಕೆ ಕಡಿತ.
ಕೂಡಲೇ ಅಧಿಕಾರಿಗೆ ಕರೆ ಮಾಡಿರಿ.’
ವಿದ್ಯುತ್ತಿಗೆ ಒಂದು ಕೊಂಬು ಇದ್ದಿಲ್ಲ.
ಅದು ಕಂಡಿದ್ದು ಮರುದಿನ.
ಆ ಹೊತ್ತಿಗೆ ಕಂಡಿದ್ದು ಕೂಲರ್ ನಿಂತ ರಾತ್ರಿ, ಬೆವರು,
ಆ ಪಟ್ಟಿ.

‘ಸರ್’ ಅಂದ ಅಂವ. ಸರ್ವಿಸಿನಾಗ ಯಾರೂ ಅಂದಿದ್ದಿಲ್ಲ.
‘ಬರೇ ಹತ್ತು ರೂಪಾಯಿ ಸರ್, ಈ ಆ್ಯಪ್ ಹಾಕ್ಕೋರಿ.’
ಹತ್ತು ರೂಪಾಯಿ!
ಹತ್ತು ರೂಪಾಯಿ ಟಿಕೇಟಿಗೆ ಎಷ್ಟು ಮಂದಿನ್ನ
ನಡುದಾರಿಯಾಗ ಇಳಿಸೀನಿ ನಾ.
ಆತ್ರಿ ಸರ್, ಆತ್ರಿ ಅನ್ಕೋತ ಒತ್ತಿದೆ.
ಕೊನಿಗೆ ಥ್ಯಾಂಕ್ಸೂ ಹೇಳಿದೆ ಆ ಕಳ್ಳಗ.

ಫೋನು ಟಿಣ್ ಅಂತು. ಮತ್ತ ಟಿಣ್ ಅಂತು.

ಚೆಕಿಂಗ್‌ನವ್ರು ಹತ್ತಿದಾಗ
ಟಿಕೇಟಿಲ್ಲದಾಂವ ಕಿಟಕಿ ಹೊರಗ ನೋಡ್ತಿದ್ದ,
ಹಂಗ ಕುಂತೆ, ಗ್ವಾಡಿ ನೋಡ್ಕೋತ.
‘ಯಾರ ಫೋನು?’
‘ಕರೆಂಟಿನವ್ರು.’
‘ನಿನ್ನ ದನಿ ಯಾಕ ಸಣ್ಣದಾಗ್ಯಾದ?’
ಒಂದ ಕಣ್ಣಿನ ಹೆಣ್ಮಗಳಿಗೆ ಏನು ಮುಚ್ಚಿಡ್ತಿ?
ಹೇಳಿದೆ. ಆಕಿ ಎದ್ದು ಕುಂತಳು.
‘ರೊಕ್ಕ ಹೋಗ್ಯಾದ. ಬಾಯಿ ಹೋಗ್ಯಾದೇನು?
ಹಚ್ಚು ಫೋನು.’

ಒಂದು ಒಂಬತ್ತು ಮೂರು ಸೊನ್ನೆ.
ಆ ಕಡಿ ಹುಡುಗಿ ಕೇಳಿದಳು: ಎಷ್ಟೊತ್ತಿಗೆ? ಎಷ್ಟು? ಯಾವ ನಂಬರಿಗೆ?
ಅಲ್ಲಿಗೆ ಕೈ ನಡಗೋದು ನಿಂತು.
ಇದು ವೇಬಿಲ್. ಇದು ನನಗ ಗೊತ್ತು.
ಎರಡು ಹದಿನಾರಕ್ಕ ಹತ್ತು ರೂಪಾಯಿ.
ಎರಡು ಹತ್ತೊಂಬತ್ತಕ್ಕ ಇಪ್ಪತ್ನಾಕು ಸಾವಿರದ ಒಂಬೈನೂರು.
ಎರಡು ಇಪ್ಪತ್ತೊಂದಕ್ಕ ಇಪ್ಪತ್ಮೂರು ಸಾವಿರದ ಏಳುನೂರು.
ಸ್ಟೇಜಿಗೊಂದು ಸಾಲು.
ಕೂಡಿಸಿ ಹೇಳಿದೆ. ಒಂದು ಪೈಸಾ ತಪ್ಪಿಲ್ಲ.

ಠಾಣೆಯಾಗ ಭಾಗ್ಯವಂತಿ ಅಂತ, ಮಗಳ ವಯಸ್ಸಿನ ಪೊಲೀಸು.
‘ಕಾಕಾ, ಮೆಸೇಜ್ ಅಳಿಸಿಲ್ಲಲ?’
‘ಇಳಿಯೂತನ ಟಿಕೇಟು ಹರೀತಾರೇನವ್ವಾ?’
ನಕ್ಕಳು. ಆಮ್ಯಾಲ ನಗು ಬಿಟ್ಟು ಅಂದಳು:
‘ನಾಚಿಕಿಗೆ ಅಳಿಸೇ ಬರ್ತಾರ ಭಾಳ ಮಂದಿ.
ಬರೋದೇ ಇಲ್ಲ ಇನ್ನಷ್ಟು ಮಂದಿ.’

ಎರಡನೇ ಟಿಣ್ಣಿನ ರೊಕ್ಕ ಯಾವುದೋ ಬ್ಯಾಂಕಿನಾಗ ತಡದು ನಿಂತದಂತ.
ಮೊದಲನೇದು ಹೋಗ್ಯಾದ.
ನಿಂತದ್ದು ಕೈಗೆ ಯಾವಾಗ? ಕಾಗದ ಕೊಟ್ಟಾರ.
ಚಿಲ್ಲರ ಇಲ್ಲದಾಗ ನಾನೂ ಹಂಗ
ಟಿಕೇಟಿನ ಹಿಂದ ಬರದು ಕೊಡ್ತಿದ್ದೆ:
ಮೂರು ರೂಪಾಯಿ, ಇಳಿಯುವಾಗ ತಗೋ.
ಮರತು ಇಳದು ಹೋದವ್ರು ಎಷ್ಟು ಮಂದಿ!
ಒದರಿ ಕರದದ್ದು ಎಷ್ಟು ಸಲ?
ಆ ಮೂರು ರೂಪಾಯಿ ಬರಿಯಾಕ
ವೇಬಿಲ್‌ನಾಗ ಕಾಲಮ್ ಇದ್ದಿಲ್ಲ.
ಇದ್ದಿದ್ರ ಬರೀತಿದ್ದೇನು ನಾ?

ಈಗ ಓಣಿಯಾಗ ಯಾರ ಫೋನು ಟಿಣ್ ಅಂದ್ರೂ ನಮ್ಮ ಕಟ್ಟಿಗೆ ಬರ್ತದ.
ನಿನ್ನೆ ಖಾಜಾಬಿ, ಹೊಲಿಗಿ ಮಿಷನ್ ಬಿಟ್ಟು, ಬಾಯಾಗ ದಾರ ಹಿಡಕೊಂಡು:
‘ಭಾಯಿ, ನನಗ ಪಾರ್ಸಲ್ ಬಂದದಂತ, ನೀಲಿ ಅಕ್ಷರ ಒತ್ತು ಅಂತಾನ.’
‘ಏನರ ತರಿಸೀಯೇನು?’
‘ಇಲ್ಲ.’
ಟ್ರಂಕಿನಾಗಿಂದ ನನ್ನ ಸೀಟಿ ತಗದೆ.
ಹಿತ್ತಾಳಿ, ಕಪ್ಪು ಹಿಡದದ.
ಒಂದು ಊದಿದ್ರ ನಿಲ್ಲು, ಎರಡು ಊದಿದ್ರ ಹೋಗು.
ಒಂದು ಊದಿದೆ.
ಓಣಿಯ ನಾಯಿ ಎದ್ದು ನಿಂತು.

ಖಾಜಾಬಿ ಕಿವಿ ಮುಚ್ಕೊಂಡು ನಗ್ತಾಳ:
‘ಎರಡು ಯಾವಾಗ ಊದ್ತಿ ಸಾಯಿಬಣ್ಣ?’

ಇನ್ನ ಊದಿಲ್ಲ.